ಲ್ಯಾವೆಂಡರ್ ಎಣ್ಣೆಯಿಂದ ಅಮ್ಮನಿಗೆ ನಿದ್ದೆ ಬರುತ್ತದೆಯೇ?

ಪ್ರಶ್ನೆ: ನಮ್ಮ ತಾಯಿಗೆ 58 ವರ್ಷ. ರಕ್ತದ ಕ್ಯಾನ್ಸರ್. ಕಿಮೊಥೆರಪಿಗೆಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂರು ವಾರದಿಂದ ಇದ್ದಾರೆ. ರಾತ್ರಿ ಕಣ್ಣು ಮುಚ್ಚುವುದೇ ಇಲ್ಲ. ದಿಂಬಿಗೆ ಲ್ಯಾವೆಂಡರ್ ಎಣ್ಣೆ ಹಾಕಿದರೆ ನಿದ್ದೆ ಬರುತ್ತದಂತೆ. ಹಾಕಬಹುದೇ ಡಾಕ್ಟ್ರೇ?
– ಓದುಗರೊಬ್ಬರು, ಹಾಸನ

ಉತ್ತರ: ಬಳಸಬಹುದು, ಆದರೆ ದಿಂಬಿಗೆ ಬೇಡ. ವಾರ್ಡಿನ ಸಿಸ್ಟರಿಗೆ ಹೇಳದೆಯೂ ಬೇಡ. ಹತ್ತಿಯುಂಡೆಗೆ ಒಂದೆರಡು ತೊಟ್ಟು ಹಾಕಿ ಮುಖದಿಂದ ಮೊಳ ದೂರ ಇಡಿ. ಒಗ್ಗದಿದ್ದರೆ ಎತ್ತಿ ಬಿಸಾಡಬಹುದು; ದಿಂಬಿಗೆ ಹತ್ತಿದ ವಾಸನೆಯನ್ನು ನಡುರಾತ್ರಿ ಏನು ಮಾಡುತ್ತೀರಿ?

ನಿಮ್ಮ ತಾಯಿಯಂಥವರ ಮೇಲೆಯೇ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ರಕ್ತದ ಕ್ಯಾನ್ಸರಿನ 50 ಒಳರೋಗಿಗಳಿಗೆ ಲ್ಯಾವೆಂಡರ್, ಪುದೀನಾ, ಕ್ಯಾಮೊಮೈಲ್ ಪರಿಮಳಗಳಲ್ಲಿ ಇಷ್ಟವಾದುದನ್ನು ಆರಿಸಿಕೊಳ್ಳಲು ಬಿಟ್ಟಿದ್ದರು. ನಿದ್ದೆ ಸುಧಾರಿಸಿತು, ದಣಿವು ತಗ್ಗಿತು ಎಂದರು. ಆದರೂ ಇಂಥ ಪರೀಕ್ಷೆಗಳಲ್ಲಿ ಒಂದು ತೊಡಕಿದೆ. ಮಾತ್ರೆಯಾದರೆ ಅಸಲಿ, ನಕಲಿ ರೋಗಿಗೆ ತಿಳಿಯದು. ಪರಿಮಳವಾದರೆ ಮೂಗಿಗೇ ಗುಟ್ಟು ಗೊತ್ತಾಗಿಬಿಡುತ್ತದೆ. ಹಾಗಾಗಿ ನಾನು ಇದನ್ನು ನಿದ್ದೆಯ ಔಷಧಿ ಎನ್ನಲಾರೆ. ಮನಸ್ಸಿಗೆ ಹಿತ, ಅಷ್ಟೇ. ಆಸ್ಪತ್ರೆಯಲ್ಲಿ ಅದೇನೂ ಕಡಿಮೆಯಲ್ಲ.

ಕಿಮೊ ಹನಿಯುತ್ತಿರುವಾಗ, ಹೊಟ್ಟೆ ತೊಳಸುತ್ತಿರುವಾಗ ಮಾತ್ರ ಯಾವ ಪರಿಮಳವೂ ಬೇಡ. ವಾಕರಿಕೆಗೂ ಆ ವಾಸನೆಗೂ ಒಮ್ಮೆ ಗಂಟು ಬಿದ್ದರೆ, ಮನೆಗೆ ಬಂದ ಮೇಲೂ ಅದರ ಸುಳಿವಿಗೇ ಹೊಟ್ಟೆ ತೊಳಸಬಹುದು. ಎಣ್ಣೆಯನ್ನು ಕುಡಿಸಬೇಡಿ, ಮೈಗೆ ಹಚ್ಚಬೇಡಿ. ಪಕ್ಕದ ಹಾಸಿಗೆಯಲ್ಲಿ ಆಸ್ತಮಾದವರಿದ್ದರೆ ಅದನ್ನೂ ನೋಡಿ. ಆಕ್ಸಿಜನ್ ಇರುವ ಕಡೆ ಅಗರಬತ್ತಿ ಹಚ್ಚಲೇಬಾರದು, ಅಲ್ಲಿ ಎಣ್ಣೆಯೂ ಬೇಡ. ಲ್ಯಾವೆಂಡರ್ ಯಾಕೆ, ಅಮ್ಮನಿಗೆ ಪ್ರಿಯವಾದ ಮಲ್ಲಿಗೆಯನ್ನೇ ಒಯ್ಯೋಣ ಅನ್ನಿಸೀತು. ಬಿಳಿರಕ್ತಕಣ ಇಳಿದವರ ಬಳಿ ಸಾಮಾನ್ಯವಾಗಿ ತಾಜಾ ಹೂವು ಬಿಡುವುದಿಲ್ಲ. ಅದರಲ್ಲಿರುವ ಬೂಸ್ಟು, ಬ್ಯಾಕ್ಟೀರಿಯಾಗಳಿಂದ ಸೋಂಕಿನ ಭಯ.

ಇಷ್ಟಕ್ಕೂ ಅವರಿಗೆ ನಿದ್ದೆ ಯಾಕೆ ಬರುತ್ತಿಲ್ಲ? ನೋವೇ, ಭಯವೇ, ಪಂಪಿನ ಬೀಪ್ ಸದ್ದೇ? ರಾತ್ರಿಯಿಡೀ ಹನಿಯುವ ಸಲೈನಿನಿಂದ ಮತ್ತೆ ಮತ್ತೆ ಮೂತ್ರಕ್ಕೆ ಏಳಬೇಕಾಗಿದೆಯೇ? ಕಿಮೊ ಜೊತೆ ಕೊಡುವ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಸಂಜೆ ಹೊಟ್ಟೆಗೆ ಬಿದ್ದರೆ ಯಾವ ಲ್ಯಾವೆಂಡರಿಗೂ ನಿದ್ದೆ ಜಗ್ಗದು. ಡಾಕ್ಟರು ರೌಂಡ್ಸಿಗೆ ಬಂದಾಗ ಎಣ್ಣೆಯ ವಿಷಯಕ್ಕೂ ಮೊದಲು, ಆ ಮಾತ್ರೆಯಿದ್ದರೆ ಬೆಳಗಿನ ಹೊತ್ತಿಗೆ ಬದಲಿಸಬಹುದೇ ಎಂದು ಕೇಳಿ.