ಮನೆಗೆಲಸ: ಶಾಲೆಯದು ಯಾವುದು, ಮನೆಯದು ಯಾವುದು?

‘ಮನೆಗೆಲಸ’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಕಸ ಗುಡಿಸುವುದು, ನೀರು ಹೊರುವುದು, ಪಾತ್ರೆ ತಿಕ್ಕುವುದು ಒಂದು. ಉಪಾಧ್ಯಾಯರು ಕೊಟ್ಟ ಲೆಕ್ಕಗಳನ್ನು ಮನೆಯಲ್ಲಿ ಮಾಡಿಕೊಂಡು ಬರುವುದು ಇನ್ನೊಂದು. ಅನುಕೂಲಸ್ಥರ ಮಗುವಿಗೆ ಎರಡನೆಯದು ಮಾತ್ರ ಗೊತ್ತು. ಕೂಲಿಯವರ ಮನೆಯ ಹುಡುಗಿಗೆ ಎರಡೂ ಒಂದೇ ಸಂಜೆಯಲ್ಲಿ ಎದುರಾಗುತ್ತವೆ. ಮೊದಲನೆಯದನ್ನು ಬಿಟ್ಟರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಎರಡನೆಯದನ್ನು ಬಿಟ್ಟರೆ ಮರುದಿನ ತರಗತಿಯಲ್ಲಿ ಬೈಗುಳ. ಅವಳು ಯಾವುದನ್ನು ಬಿಡುವಳೆಂದು ಹೇಳಬೇಕಾದುದಿಲ್ಲ.

ಮನೆಯ ಬಡತನ ಹೀಗೆ ಕಲಿಕೆಯನ್ನು ಕುಗ್ಗಿಸುವಾಗ ಶಾಲೆ ಏನು ಮಾಡಬಲ್ಲದು? ಏನೂ ಮಾಡಲಾರದು ಎನ್ನುವವರಿದ್ದಾರೆ. ಅವರು ಆಧಾರವಾಗಿ ತೋರಿಸುವುದು 1966ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಕೋಲ್ಮನ್ ವರದಿಯನ್ನು. ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ನರೂ ಅವರ ಸಂಗಡಿಗರೂ ಸುಮಾರು 4,000 ಶಾಲೆಗಳಿಂದ ಮಾಹಿತಿ ಕೂಡಿಸಿದರು. ಕಟ್ಟಡ, ಪುಸ್ತಕ ಭಂಡಾರ, ಪ್ರಯೋಗಶಾಲೆಗಳ ವ್ಯತ್ಯಾಸಕ್ಕಿಂತ ಮಗು ಎಂಥ ಮನೆಯಿಂದ ಬಂದಿದೆ ಎಂಬುದೇ ಫಲಿತಾಂಶದ ಮೇಲೆ ಹೆಚ್ಚು ಪರಿಣಾಮ ಮಾಡುವುದೆಂದು ಕಂಡರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಒಳ್ಳೆಯ ಉಪಾಧ್ಯಾಯರಿಂದಾಗುವ ಪ್ರಯೋಜನ ಅನುಕೂಲಸ್ಥರ ಮಕ್ಕಳಿಗಿಂತ ಹಿಂದುಳಿದ ಸಮುದಾಯಗಳ ಮಕ್ಕಳಿಗೆ ಹೆಚ್ಚು ಎಂದು ಅದೇ ವರದಿ ಹೇಳಿದ್ದನ್ನು ಮಾತ್ರ ಅನೇಕರು ಬಿಟ್ಟುಬಿಡುತ್ತಾರೆ.

ನನಗೆ ಇದಕ್ಕಿಂತ ಉಪಯುಕ್ತವಾಗಿ ತೋರಿದ್ದು ಬಾಲ್ಟಿಮೋರ್ ನಗರದ ಒಂದು ಅಧ್ಯಯನ. 1982ರಲ್ಲಿ ಒಂದನೆಯ ತರಗತಿಗೆ ಸೇರಿದ ಸುಮಾರು 800 ಮಕ್ಕಳನ್ನು ಡೋರಿಸ್ ಎಂಟ್ವಿಸಲ್ ಮತ್ತು ಕಾರ್ಲ್ ಅಲೆಕ್ಸಾಂಡರ್ ಎಂಬ ಪ್ರಾಧ್ಯಾಪಕರು ಹಲವಾರು ವರ್ಷ ಹಿಂಬಾಲಿಸಿದರು. ಶಾಲೆ ನಡೆಯುವ ತಿಂಗಳುಗಳಲ್ಲಿ ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಹೆಚ್ಚು ಕಡಿಮೆ ಒಂದೇ ಸಮನಾಗಿ ಮುಂದುವರಿದರು. ಅಂತರ ಬೆಳೆದದ್ದು ಮುಖ್ಯವಾಗಿ ಬೇಸಿಗೆಯ ರಜೆಯಲ್ಲಿ. ಈ ಅಳತೆಯ ಕ್ರಮವನ್ನು ಪ್ರಶ್ನಿಸಿದ ಸಂಶೋಧಕರೂ ಅನಂತರ ಬಂದಿದ್ದಾರೆ. ರಜೆಯೊಂದರ ಮೇಲೆಯೇ ಎಲ್ಲ ಹೊರೆಯನ್ನೂ ಹೊರಿಸಲಾಗದು. ಆದರೂ ಶಾಲೆಯ ಗಂಟೆಗಳು ಮಕ್ಕಳನ್ನು ಸಮೀಪಕ್ಕೆ ತರುತ್ತವೆ, ಮನೆಯ ಗಂಟೆಗಳು ದೂರ ಮಾಡುತ್ತವೆ ಎಂಬ ಆ ಯೋಚನೆಯಲ್ಲಿ ಸತ್ಯಾಂಶವಿದೆ. ಹಾಗಿದ್ದಮೇಲೆ ಕಲಿಕೆಯ ಒಂದು ಪಾಲನ್ನು ಶಾಲೆಯೇ ಮನೆಗೆ ಹೊತ್ತುಹಾಕುವುದು ಯಾವ ನ್ಯಾಯ?

ನಮ್ಮ ನಾಡಿಗೆ ಈ ಸಂಗತಿ ಹೊಸದಲ್ಲ. ಹಿಂದೆ ಬಡ ವಿದ್ಯಾರ್ಥಿಗಳು ದಿನಕ್ಕೊಂದು ಮನೆಯಲ್ಲಿ ವಾರಾನ್ನ ಉಂಡು ಓದುತ್ತಿದ್ದರು. ಆ ಸೌಲಭ್ಯವೂ ಎಲ್ಲ ಜಾತಿಯವರಿಗೆ ಇರಲಿಲ್ಲ. ತುಮಕೂರಿನ ಸಿದ್ಧಗಂಗೆಯಂಥ ಮಠಗಳ ಉಚಿತ ನಿಲಯಗಳೂ ಸರ್ಕಾರದ ವಿದ್ಯಾರ್ಥಿನಿಲಯಗಳೂ ಸಾವಿರಾರು ಮಂದಿಯನ್ನು ಓದಿಸಿದ್ದು ಅನ್ನದಿಂದ ಮಾತ್ರವೇ ಅಲ್ಲ. ಅಲ್ಲಿ ಒಂದು ದೀಪವಿತ್ತು, ಓದಿಗೆಂದೇ ಗೊತ್ತುಮಾಡಿದ ಹೊತ್ತಿತ್ತು, ಅರ್ಥವಾಗದ್ದನ್ನು ಕೇಳಲು ಮೇಲಿನ ತರಗತಿಯ ಅಣ್ಣನೊಬ್ಬ ಪಕ್ಕದಲ್ಲಿದ್ದ. ಮನೆ ಕೊಡಲಾರದ್ದನ್ನು ನಿಲಯ ಕೊಟ್ಟಿತು.

ಅನ್ನದ ಮಾತಿಗೆ ಬಂದರೆ, 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಬಿಸಿಯೂಟವನ್ನು ಕೊಡಲೇಬೇಕೆಂದು ಆಜ್ಞೆ ಮಾಡಿತು. 2002ರಲ್ಲಿ ನಮ್ಮ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಹಸಿದ ಹೊಟ್ಟೆಗೆ ವ್ಯಾಕರಣ ಹಿಡಿಸದೆಂಬುದಕ್ಕೆ ಸಂಶೋಧನೆ ಬೇಕಿಲ್ಲ.

ಹೆಚ್ಚು ಸ್ವಾರಸ್ಯವಾದದ್ದು ನಲಿ-ಕಲಿ ಪದ್ಧತಿ. ಅದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಯಿತು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಾರ್ಡುಗಳಲ್ಲಿ ಬರೆದಿಡುತ್ತಾರೆ; ಪ್ರತಿಯೊಂದು ಮಗುವೂ ತನ್ನ ಮೆಟ್ಟಿಲನ್ನು ತಾನೇ ಹತ್ತುತ್ತದೆ. ಹತ್ತಿ ಬಿಡಿಸಲು ಹೋಗಿಯೋ, ತಂಗಿಯನ್ನು ನೋಡಿಕೊಂಡೋ ಹದಿನೈದು ದಿನ ತಪ್ಪಿಸಿಕೊಂಡ ಮಗು ಹಿಂದಿರುಗಿದಾಗ, ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಸಾಮಾನ್ಯ ತರಗತಿಯಲ್ಲಾದರೋ ಪಾಠ ಮುಂದೆ ಹೋಗಿರುತ್ತದೆ, ಮಗು ಗೋಡೆ ನೋಡುತ್ತ ಕುಳಿತಿರುತ್ತದೆ. ಕಾರ್ಡುಗಳನ್ನು ಯಾಂತ್ರಿಕವಾಗಿ ದಾಟಿಸುವ ದೋಷ ಈ ಪದ್ಧತಿಯಲ್ಲಿ ಬರಬಹುದು, ನಿಜ. ಆದರೆ ಮನೆಯ ಕಷ್ಟವನ್ನು ಮಗುವಿನ ತಪ್ಪೆಂದು ಎಣಿಸದಿರುವ ಗುಣ ಅದರ ರಚನೆಯಲ್ಲೇ ಇದೆ. ಕೆಳಗಿನ ತರಗತಿಗಳು ಮುಗಿದೊಡನೆ ಈ ಅನುಕೂಲವೂ ಮುಗಿಯುವುದೇಕೆಂದು ನನಗೆ ತಿಳಿಯದು.

ಇನ್ನು ನಮ್ಮ ಶಾಲೆಗಳ ಒಂದು ಹಳೆಯ ವಾಡಿಕೆ: ‘ನಾಳೆ ನಿಮ್ಮಪ್ಪನನ್ನು ಕರೆದುಕೊಂಡು ಬಾ.’ ಗುಮಾಸ್ತರಾದರೆ ಅರ್ಧ ದಿನದ ರಜೆ ಹಾಕಿ ಬಂದಾರು. ದಿನಗೂಲಿಯವನಿಗೆ ಅದು ಒಂದು ದಿನದ ಸಂಬಳ. ಆತ ಬರದಿದ್ದರೆ ‘ಇವರಿಗೆ ಮಕ್ಕಳ ಓದಿನ ಮೇಲೆ ಆಸ್ಥೆಯಿಲ್ಲ’ ಎಂಬ ತೀರ್ಪು. ಉಪಾಧ್ಯಾಯರೇ ಸಂಜೆ ಒಮ್ಮೆ ಅವನ ಬೀದಿಯಲ್ಲಿ ಹಾದುಹೋದರೆ ಹತ್ತು ನಿಮಿಷದಲ್ಲಿ ತಿಳಿಯುವ ಸಂಗತಿ ಇದು.

ನನ್ನ ಸೂಚನೆ ದೊಡ್ಡದೇನಲ್ಲ. ಅಭ್ಯಾಸದ ಲೆಕ್ಕ, ಕಾಪಿ ಬರೆಹ, ಗಟ್ಟಿ ಓದು ಇವುಗಳನ್ನು ಶಾಲೆಯ ಕೊನೆಯ ಪೀರಿಯಡ್ಡಿನಲ್ಲಿ, ಉಪಾಧ್ಯಾಯರ ಎದುರಿಗೇ ಮಾಡಿಸಿ ಮುಗಿಸಬೇಕು. ಶಾಲೆ ಬಿಟ್ಟಮೇಲೆ ಒಂದು ಗಂಟೆ ಕೊಠಡಿ ತೆರೆದಿಡಬಹುದು. ಆದರೆ ಅದನ್ನೇ ನೆಚ್ಚಿದರೆ ‘ನೀರು ಯಾರು ತರುತ್ತಾರೆ?’ ಎಂದು ತಾಯಿ ಕೇಳುವಳು. ಅವಳ ಪ್ರಶ್ನೆ ನ್ಯಾಯವಾದದ್ದು. ಆದಕಾರಣ ಮೊದಲು ಶಾಲೆಯ ವೇಳೆಯೊಳಗೇ ಅವಕಾಶ ಮಾಡಬೇಕು; ಸಂಜೆಯ ಕೊಠಡಿ ಬರಬಲ್ಲವರಿಗೆ. ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಬಂದ ಹುಡುಗಿಯನ್ನು ಹಿಂದಕ್ಕೆ ಕಳುಹಿಸಬಾರದು. ಕತ್ತಲಾಗುವ ಮುಂಚೆ ಎಲ್ಲರನ್ನೂ ಮನೆಗೆ ಬಿಡಬೇಕು.

ಉಪಾಧ್ಯಾಯರ ಮೇಲೆ ಈಗಲೇ ಹೊರೆ ಹೆಚ್ಚು. ಇಲ್ಲಿ ನಾವು, ಕಾಲೇಜಿನವರು, ಒದಗಬಹುದು. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ಏಳು ದಿನ ನಡೆಯುತ್ತದೆ. ರಸ್ತೆ ಗುಡಿಸಿ, ಗಿಡ ನೆಟ್ಟು, ಭಾವಚಿತ್ರ ತೆಗೆಸಿಕೊಂಡು ಬರುತ್ತೇವೆ. ಅದರ ಜೊತೆಗೆ ವಾರಕ್ಕೆರಡು ಸಂಜೆ, ಸರದಿಯ ಮೇಲೆ ಇಬ್ಬಿಬ್ಬರು, ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಕುಳಿತರೆ ವರ್ಷವಿಡೀ ಕೊಠಡಿ ನಡೆದೀತು. ಬೀಗದ ಕೈಯನ್ನು ಹೊರಗಿನವರಿಗೆ ಕೊಡಲು ಮುಖ್ಯೋಪಾಧ್ಯಾಯರು ಹಿಂಜರಿಯುವುದು ಸಹಜ. ಅದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದಿಡಬೇಕು. ಆ ಸಮಿತಿಯಲ್ಲಿ ಕೂರುವವರು ಆ ಮಕ್ಕಳ ತಂದೆತಾಯಿಗಳೇ. ಸಭೆಯನ್ನು ಮಾತ್ರ ಕೂಲಿ ಮುಗಿದ ಹೊತ್ತಿಗೆ ಕರೆಯಬೇಕು.