ದೇವಸ್ಥಾನಕ್ಕೆ ಬರುವ ಸರ್ಕಾರಿ ಹಣ ಎಲ್ಲಿಯದು?

ಪ್ರಶ್ನೆ: ನಮ್ಮ ಕಡೆಯ ಸಣ್ಣ ದೇವಸ್ಥಾನಗಳಿಗೆ ವರ್ಷವೂ ತಸ್ತೀಕು ಬರುತ್ತದೆ, ಕೆಲವಕ್ಕೆ ಜೀರ್ಣೋದ್ಧಾರದ ಅನುದಾನವೂ ಸಿಗುತ್ತದೆ. ಮಸೀದಿ, ಇಗರ್ಜಿಗಳಿಗೂ ಸರ್ಕಾರ ಹಣ ಕೊಡುತ್ತದಂತೆ. ಜಾತ್ಯತೀತ ಸರ್ಕಾರ ಜನರ ತೆರಿಗೆ ದುಡ್ಡನ್ನು ಹೀಗೆ ಕೊಡಬಹುದೆ?
— ಓದುಗರೊಬ್ಬರು, ನೆರಿಯ

ಉತ್ತರ: ಬಹಳ ಜನರ ಮನಸ್ಸಿನಲ್ಲಿದ್ದರೂ ಕೇಳಲು ಹಿಂಜರಿಯುವ ಪ್ರಶ್ನೆಯನ್ನು ನೀವು ಕೇಳಿದ್ದೀರಿ, ಸಂತೋಷ. ತಸ್ತೀಕು, ಅನುದಾನ, ಗೌರವಧನ ಎಲ್ಲವೂ ತಾಲ್ಲೂಕು ಕಚೇರಿಯ ದಾರಿಯಲ್ಲೇ ಬರುವಂತೆ ಕಾಣುವುದರಿಂದ ಒಂದೇ ಬಗೆಯ ಹಣವೆಂದು ತೋರುವುದು ಸಹಜ. ಆದರೆ ಅವುಗಳ ಮೂಲ ಬೇರೆ ಬೇರೆ. ಮೂಲ ಗೊತ್ತಾದರೆ ನಿಮ್ಮ ಸಂಶಯದ ಅರ್ಧ ಭಾಗ ಅಲ್ಲೇ ಪರಿಹಾರವಾಗುತ್ತದೆ.

ಮೊದಲು ತಸ್ತೀಕು. ಹಿಂದೆ ದೇವಸ್ಥಾನಗಳ ಖರ್ಚು ನಡೆಯುತ್ತಿದ್ದದ್ದು ಭೂಮಿಯಿಂದ. ಅರಸರು ಬಿಟ್ಟ ಉಂಬಳಿ, ಇನಾಂ ಜಮೀನು, ಒಕ್ಕಲುಗಳು ಅಳೆಯುತ್ತಿದ್ದ ಗೇಣಿ ಅಕ್ಕಿ, ಇವೇ ನಿತ್ಯಪೂಜೆಗೂ ಉತ್ಸವಕ್ಕೂ ಆಧಾರ. ಇನಾಂ ರದ್ದತಿ ಕಾನೂನುಗಳು ಬಂದು ಇಂಥ ಜಮೀನು ಸರ್ಕಾರಕ್ಕೆ ಸೇರಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯ ಗದ್ದೆ ತೋಟಗಳು ಉಳುವವರ ಪಾಲಾದವು. ದಕ್ಷಿಣ ಕನ್ನಡದಲ್ಲಿ ಇದು ಎಷ್ಟು ಮನೆಗಳ ಬದುಕು ಬದಲಿಸಿತೆಂದು ನಿಮ್ಮ ಊರಿನ ಹಿರಿಯರು ಹೇಳಬಲ್ಲರು. ನ್ಯಾಯವಾದ ಬದಲಾವಣೆ ಅದು. ಆದರೆ ಜಮೀನು ಹೋದ ದೇವಸ್ಥಾನದಲ್ಲಿ ದೀಪ ಉರಿಯಬೇಕಲ್ಲ? ಅದಕ್ಕಾಗಿ ಪ್ರತಿವರ್ಷ ನಗದು ಕೊಡುವ ಏರ್ಪಾಡಾಯಿತು. ತಸ್ತೀಕು, ವರ್ಷಾಶನ ಎಂದು ಕರೆಯುವುದು ಇದನ್ನೇ. ಹೆದ್ದಾರಿಗೆ ಜಾಗ ಹೋದವರಿಗೆ ಸಿಗುವ ಪರಿಹಾರವನ್ನು ಯಾರೂ ದಾನ ಎನ್ನುವುದಿಲ್ಲ. ತಸ್ತೀಕಿನ ಬುಡವೂ ಅಂಥದ್ದೇ.

ಇದು ತಿಳಿದಿದ್ದರೆ ಇನ್ನೊಂದು ಸಂಗತಿಯೂ ಅರ್ಥವಾಗುತ್ತದೆ. ಜಮೀನು ಕಳೆದುಕೊಂಡದ್ದು ದೇವಸ್ಥಾನಗಳಷ್ಟೇ ಅಲ್ಲ. ಆದ್ದರಿಂದ ಕೆಲವು ಮಸೀದಿ, ದರ್ಗಾಗಳಿಗೂ, ದೇವಸ್ಥಾನಗಳ ಆಡಳಿತ ನೋಡುವ ಮುಜರಾಯಿ ಇಲಾಖೆಯ ಮೂಲಕ ತಸ್ತೀಕು ಹೋಗುತ್ತಿತ್ತು. 2021ರ ಜೂನ್‌ನಲ್ಲಿ ಆಗಿನ ಮುಜರಾಯಿ ಸಚಿವ ಕೋಟ ಶ್ರೀನಿವಾಸ ಪೂಜಾರಿಯವರು ಅದನ್ನು ನಿಲ್ಲಿಸಲು ಸೂಚಿಸಿದರು. ಯಾವ ಇಲಾಖೆ ಕೊಡಬೇಕೆಂಬುದು ಆಡಳಿತದ ಮಾತು. ಕಳೆದುಕೊಂಡ ಭೂಮಿಯ ಋಣ ಮಾತ್ರ ಧರ್ಮ ನೋಡಿ ತೀರುವಂಥದ್ದಲ್ಲ ಎಂದು ನನ್ನ ಅಭಿಪ್ರಾಯ.

ಇನ್ನು ತಸ್ತೀಕು ಎಷ್ಟು ಬರುತ್ತದೆಂದು ನೋಡೋಣ. ರಾಜ್ಯದ ಮುಜರಾಯಿ ದೇವಸ್ಥಾನಗಳನ್ನು ಆದಾಯ ನೋಡಿ ಮೂರು ಪ್ರವರ್ಗ ಮಾಡಿದ್ದಾರೆ. ವರ್ಷಕ್ಕೆ 25 ಲಕ್ಷ ರೂಪಾಯಿ ಮೀರಿದವು ‘ಎ’, 5ರಿಂದ 25 ಲಕ್ಷದವು ‘ಬಿ’, ಅದಕ್ಕೂ ಕಡಿಮೆಯವು ‘ಸಿ’. ಸುಮಾರು 34 ಸಾವಿರ ದೇವಸ್ಥಾನಗಳು ‘ಸಿ’ಯಲ್ಲಿವೆ. ಅವುಗಳ ಅರ್ಚಕರಿಗೆ ಕೊಡುವ ತಸ್ತೀಕನ್ನು 2025-26ರ ಬಜೆಟ್‌ನಲ್ಲಿ ವರ್ಷಕ್ಕೆ 60,000ದಿಂದ 72,000 ರೂಪಾಯಿಗೆ ಏರಿಸಲಾಯಿತು. ತಿಂಗಳಿಗೆ 6,000 ರೂಪಾಯಿ. ಎಣ್ಣೆ, ಬತ್ತಿ, ನೈವೇದ್ಯವನ್ನೂ ನೆನೆದರೆ ದೊಡ್ಡ ಮೊತ್ತವೇನಲ್ಲ. ನಿಮ್ಮ ನೆರೆಯ ಧರ್ಮಸ್ಥಳ ಈ ಲೆಕ್ಕದಲ್ಲಿ ಬರುವುದಿಲ್ಲ. ಅದು ಧರ್ಮಾಧಿಕಾರಿ ಹೆಗ್ಗಡೆಯವರ ಆಡಳಿತದಲ್ಲಿರುವ ಕ್ಷೇತ್ರ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಹುಂಡಿಯ ಹಣವನ್ನು ಸರ್ಕಾರ ತೆಗೆದುಕೊಂಡು ಬೇರೆ ಧರ್ಮದವರಿಗೆ ಹಂಚುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. 2024ರ ಫೆಬ್ರವರಿಯಲ್ಲಿ ಧಾರ್ಮಿಕ ದತ್ತಿ ಕಾಯ್ದೆಯ ತಿದ್ದುಪಡಿ ಮಸೂದೆ ಬಂದಾಗ ಆ ಮಾತು ಬಹಳ ಹರಡಿತು. 1997ರ ಧಾರ್ಮಿಕ ದತ್ತಿ ಕಾಯ್ದೆಯಲ್ಲಿ, 2011ರ ತಿದ್ದುಪಡಿಯ ಪ್ರಕಾರ, ‘ಎ’ ಮತ್ತು ‘ಬಿ’ ದೇವಸ್ಥಾನಗಳ ನಿವ್ವಳ ಆದಾಯದಲ್ಲಿ, ಆದಾಯದ ಪ್ರಮಾಣಕ್ಕೆ ತಕ್ಕಂತೆ, ಶೇ 5 ಅಥವಾ ಶೇ 10ರಷ್ಟು ಸಾಮಾನ್ಯ ಸಂಗ್ರಹಣಾ ನಿಧಿಗೆ ಸೇರುತ್ತದೆ. ಆ ನಿಧಿ ಬಡ ದೇವಸ್ಥಾನಗಳಿಗೆ, ಅರ್ಚಕರಿಗೆ, ಸಿಬ್ಬಂದಿಗೆ ಮೀಸಲು. ಬೇರೆ ಧರ್ಮದ ಸಂಸ್ಥೆಗೆ ಅದರಿಂದ ಕೊಡುವಂತಿಲ್ಲ. ಅಂದರೆ ಕುಕ್ಕೆ ಸುಬ್ರಹ್ಮಣ್ಯದ ಆದಾಯದ ಒಂದು ಪಾಲು ಸಣ್ಣ ಗುಡಿಗಳಿಗೆ ನೆರವಾಗಬಲ್ಲದು. ಇಮಾಮರು, ಜೈನ ಅರ್ಚಕರು, ಸಿಖ್ ಗ್ರಂಥಿಗಳಿಗೆ ತಿಂಗಳಿಗೆ 6,000 ರೂಪಾಯಿ ಗೌರವಧನವನ್ನು 2025-26ರ ಬಜೆಟ್‌ನಲ್ಲೇ ಘೋಷಿಸಲಾಯಿತು. ಅದು ಹುಂಡಿಯ ಹಣವಲ್ಲ.

ಅಂದಹಾಗೆ, ಈ ಕಾಯ್ದೆಯ ಕಥೆಯಲ್ಲಿ ನಿಮ್ಮ ಸೀಮೆಗೂ ಪಾತ್ರವಿದೆ. ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರ ದೇವಸ್ಥಾನದ ಹೆಸರಿನ ಪ್ರಕರಣದಲ್ಲೇ 2006ರಲ್ಲಿ ಹೈಕೋರ್ಟ್ ಇದನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟದ್ದರಿಂದ ಕಾಯ್ದೆ ಉಳಿಯಿತು.

ಈಗ ತೆರಿಗೆಯ ಮಾತು. ಒಂದು ನಿರ್ದಿಷ್ಟ ಧರ್ಮದ ಪ್ರವರ್ಧನೆಗೆಂದೇ ಮೀಸಲಾದ ತೆರಿಗೆಯನ್ನು ಕೊಡುವಂತೆ ಯಾರನ್ನೂ ಬಲವಂತಪಡಿಸಕೂಡದು ಎನ್ನುತ್ತದೆ ಸಂವಿಧಾನದ 27ನೇ ವಿಧಿ. ಇದರ ಅರ್ಥವನ್ನು ಸುಪ್ರೀಂ ಕೋರ್ಟ್ ಮೊದಲು ವಿವರಿಸಿದ್ದು 1954ರಲ್ಲಿ, ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ. ಧಾರ್ಮಿಕ ಸಂಸ್ಥೆಯ ಆಡಳಿತ ಸರಿಯಾಗಿ ನಡೆಯಲೆಂದು ಮಾಡುವ ಖರ್ಚು ಧರ್ಮದ ಪ್ರವರ್ಧನೆಯಲ್ಲ ಎಂದಿತು ನ್ಯಾಯಾಲಯ. 2011ರಲ್ಲಿ ಹಜ್ ಸಹಾಯಧನದ ಪ್ರಕರಣದಲ್ಲಿ, ತೆರಿಗೆಯ ಗಣನೀಯ ಭಾಗ ಒಂದೇ ಧರ್ಮಕ್ಕೆ ಹೋದರೆ ಮಾತ್ರ ಈ ವಿಧಿಯ ಉಲ್ಲಂಘನೆ ಎಂದಿತು. ಹೀಗಾಗಿ ಸಾಮಾನ್ಯ ಬೊಕ್ಕಸದಿಂದ ಅನುದಾನ ಕೊಡಲು ಕಾನೂನಿನ ಅಡ್ಡಿಯಿಲ್ಲ. ಆದರೆ ಸಂಸದರ ಪ್ರದೇಶಾಭಿವೃದ್ಧಿ ನಿಧಿಯನ್ನು ಪೂಜಾಸ್ಥಳದ ಒಳಗಿನ ಕೆಲಸಕ್ಕೆ ಬಳಸುವಂತಿಲ್ಲ.

ಕಾನೂನು ಬಿಡುತ್ತದೆ ಎಂದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ತಸ್ತೀಕು ಬಾಕಿ ಉಳಿಸದೆ ಹೊತ್ತಿಗೆ ಸರಿಯಾಗಿ ಕೊಡಬೇಕಾದ ಹಣ. ಶಿಫಾರಸಿನ ಮೇಲೆ ಸಿಗುವ ಜೀರ್ಣೋದ್ಧಾರ ಅನುದಾನ ಹಾಗಲ್ಲ. ಯಾವ ದೇವಸ್ಥಾನ, ದೈವಸ್ಥಾನ, ಮಸೀದಿ, ಇಗರ್ಜಿಗೆ ಎಷ್ಟು, ಯಾವ ಮಾನದಂಡದಿಂದ ಎಂಬುದು ಊರಿಗೆ ಗೊತ್ತಿರಬೇಕು. ನಿಮಗೆ ಆಸಕ್ತಿಯಿದ್ದರೆ ಬೆಳ್ತಂಗಡಿ ತಹಶೀಲ್ದಾರರ ಕಚೇರಿಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಕೊಡಿ. 30 ದಿನಗಳೊಳಗೆ ಉತ್ತರ ಕೊಡುವುದು ಅವರ ಕರ್ತವ್ಯ. ಅರ್ಜಿಯಲ್ಲಿ ತಸ್ತೀಕು, ಸಂಗ್ರಹಣಾ ನಿಧಿ, ಅನುದಾನ ಮೂರನ್ನೂ ಬೇರೆ ಬೇರೆಯಾಗಿ ಕೇಳಲು ಮರೆಯಬೇಡಿ.