ಕಾಗದದ ತಂಡ, ಕೃತಕ ಚೋದಕ

ಮೈದಾನಕ್ಕೆ ಕಾಲಿಡದೆ, ಚೆಂಡನ್ನು ಮುಟ್ಟದೆ, ಕೇವಲ ಅಂಕಿಗಳನ್ನು ಹಿಡಿದು ಆಡುವ ಆಟವೊಂದು ಇಂದು ಅನೇಕ ದೇಶಗಳಲ್ಲಿ ಪ್ರಚಾರದಲ್ಲಿದೆ. ಅದನ್ನು ‘ಫ್ಯಾಂಟಸಿ’ ಕ್ರೀಡೆ ಎನ್ನುವರು. ಆಡುವವನು ನಿಜವಾದ ಆಟಗಾರರ ಹೆಸರುಗಳನ್ನು ಆಯ್ದು ಕಾಗದದ ಮೇಲೊಂದು ತಂಡ ಕಟ್ಟುತ್ತಾನೆ. ಆ ಆಟಗಾರರು ಮೈದಾನದಲ್ಲಿ ಸಾಧಿಸಿದುದೆಲ್ಲ ಇವನ ಲೆಕ್ಕಕ್ಕೆ ಜಮೆಯಾಗುತ್ತದೆ. 1980ರಲ್ಲಿ ಅಮೆರಿಕದ ಬರಹಗಾರ ಡೇನಿಯಲ್ ಓಕ್ರೆಂಟ್ ಮತ್ತು ಅವರ ಗೆಳೆಯರು ಬೇಸ್‌ಬಾಲಿಗೆ ಇಂಥ ನಿಯಮಗಳನ್ನು ರೂಪಿಸಿ ಆಡತೊಡಗಿದರು. ನಮ್ಮಲ್ಲಿ ಇದು ಕ್ರಿಕೆಟ್ಟಿನ ಮೂಲಕ ಹಬ್ಬಿತು. ಹಣ ಹೂಡಿ ಆಡುವ ಬಗೆಯನ್ನು 2025ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ನಿಷೇಧಿಸಿತು.

ಕಾಗದದ ತಂಡದ ಒಡೆಯನಿಗೆ ಕಾಣುವುದು ಅಂಕಿ ಮಾತ್ರ. ಆ ಅಂಕಿಯನ್ನು ಹುಟ್ಟಿಸಿದ ದೇಹಕ್ಕೆ ಉದ್ದೀಪನ ಮದ್ದು ಸೇರಿದೆಯೇ ಇಲ್ಲವೇ ಎಂಬುದನ್ನು ಅಂಕಿಯಿಂದಲೇ ಅರಿಯಬಹುದೆ? ಇದನ್ನು ಪರಿಶೀಲಿಸಲು 2012ರ ಒಂದು ಪ್ರಸಂಗವನ್ನು ತೆಗೆದುಕೊಳ್ಳೋಣ.

ಆ ವರ್ಷ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡದ ಮೆಲ್ಕಿ ಕಬ್ರೆರ ಎಂಬ ದಾಂಡಿಗ 459 ಸರದಿಗಳಲ್ಲಿ 159 ಬಾರಿ ಸಫಲವಾಗಿ ಚೆಂಡನ್ನು ಹೊಡೆದಿದ್ದರು. ಅಂದರೆ ಸರಾಸರಿ 0.346. ಬೇಸ್‌ಬಾಲಿನಲ್ಲಿ 0.300 ಮುಟ್ಟಿದವನೇ ಉತ್ತಮ ದಾಂಡಿಗನೆನಿಸುತ್ತಾನೆ. ಆಗಸ್ಟ್ 15ರಂದು, ಅವರ ಮೂತ್ರಪರೀಕ್ಷೆಯಲ್ಲಿ ನಿಷಿದ್ಧವಾದ ಟೆಸ್ಟೊಸ್ಟೆರೋನ್ ಕಂಡುಬಂದುದರಿಂದ 50 ಪಂದ್ಯಗಳ ಬಹಿಷ್ಕಾರ ವಿಧಿಸಲಾಯಿತು. ಅವರನ್ನು ಕಾಗದದ ಮೇಲೆ ಆಯ್ದುಕೊಂಡವರು ಅದನ್ನು ಮೊದಲೇ ಊಹಿಸಬಹುದಾಗಿತ್ತೆ?

ಇಲ್ಲಿ ಸ್ವಲ್ಪ ಗಣಿತ ಬೇಕು. ಒಬ್ಬ ದಾಂಡಿಗನ ನಿಜವಾದ ಸಾಮರ್ಥ್ಯ 0.300 ಎಂದು ಇಟ್ಟುಕೊಂಡರೆ, 459 ಸರದಿಗಳಲ್ಲಿ ಸುಮಾರು 138 ಸಫಲ ಹೊಡೆತಗಳನ್ನು ನಿರೀಕ್ಷಿಸಬಹುದು. ಆದರೆ ನಾಣ್ಯವನ್ನು ನೂರು ಬಾರಿ ಚಿಮ್ಮಿದರೆ ಪ್ರತಿಸಲವೂ ಸರಿಯಾಗಿ ಐವತ್ತೇ ರಾಜಮುಖ ಬೀಳುವುದಿಲ್ಲವಷ್ಟೆ. 459ನ್ನು 0.3ರಿಂದಲೂ 0.7ರಿಂದಲೂ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 10 ಬರುತ್ತದೆ. ಇದು ಆಕಸ್ಮಿಕ ಏರಿಳಿತದ ಅಳತೆ. 159 ಎಂಬುದು ನಿರೀಕ್ಷೆಗಿಂತ 21 ಹೆಚ್ಚು, ಎಂದರೆ ಇಂಥ ಎರಡು ಅಳತೆಗಳಷ್ಟು ಮೇಲೆ. ಕೇವಲ ಅದೃಷ್ಟದಿಂದ ಹೀಗಾಗುವ ಸಂಭವ ನೂರಕ್ಕೆ ಸುಮಾರು ಎರಡು. ಅತ್ಯಲ್ಪವೆಂದು ತೋರಬಹುದು, ಆದರೆ ನೂರಕ್ಕೂ ಹೆಚ್ಚು ದಾಂಡಿಗರು ಆಡುವ ಸ್ಪರ್ಧೆಯಲ್ಲಿ, ಯಾವ ಮದ್ದನ್ನೂ ಮುಟ್ಟದ ಒಬ್ಬಿಬ್ಬರು ಇಂಥ ಏರಿಕೆಯನ್ನು ತೋರುವುದು ಸಹಜವೇ. ಆದುದರಿಂದ ಅಂಕಿಯನ್ನೇ ಸಾಕ್ಷಿಯಾಗಿ ಹಿಡಿದು ಯಾರನ್ನೂ ದೂಷಿಸುವಂತಿಲ್ಲ.

ಇನ್ನು ಮದ್ದಿನ ಕಾರ್ಯವನ್ನು ನೋಡೋಣ. ಟೆಸ್ಟೊಸ್ಟೆರೋನ್ ಪುರುಷದೇಹದಲ್ಲಿ ಮುಖ್ಯವಾಗಿ ವೃಷಣಗಳಿಂದ ಹುಟ್ಟುವ ಚೋದಕರಸ, ಎಂದರೆ ಹಾರ್ಮೋನು. ಅದು ಸ್ನಾಯುವಿನ ಜೀವಕೋಶವನ್ನು ಹೊಕ್ಕು ಅಲ್ಲಿಯ ಗ್ರಾಹಕ ಪ್ರೋಟೀನೊಂದನ್ನು ಸೇರುತ್ತದೆ. ಈ ಜೋಡಿ ಕೋಶಕೇಂದ್ರಕ್ಕೆ ಹೋಗಿ, ಸ್ನಾಯುಪ್ರೋಟೀನುಗಳನ್ನು ಕಟ್ಟುವ ಜೀನುಗಳನ್ನು ಚುರುಕುಗೊಳಿಸುತ್ತದೆ. ಹೊರಗಿನಿಂದ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಆಗುವ ಪರಿಣಾಮವನ್ನು ಶಾಲೇಂದರ್ ಭಾಸಿನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದರು. 43 ಮಂದಿ ಪುರುಷರಲ್ಲಿ ಕೆಲವರಿಗೆ ಹತ್ತು ವಾರ, ವಾರಕ್ಕೆ 600 ಮಿಲಿಗ್ರಾಮಿನಂತೆ ಚುಚ್ಚುಮದ್ದು ಕೊಡಲಾಯಿತು. ವ್ಯಾಯಾಮ ಮಾತ್ರ ಮಾಡಿದವರ ಕೊಬ್ಬುರಹಿತ ದೇಹತೂಕ ಸುಮಾರು 2 ಕಿಲೋಗ್ರಾಂ ಏರಿದರೆ, ವ್ಯಾಯಾಮದೊಡನೆ ಮದ್ದನ್ನೂ ಪಡೆದವರದು ಸುಮಾರು 6 ಕಿಲೋಗ್ರಾಂ ಏರಿತು.

ಇಷ್ಟು ಸ್ನಾಯುವಿನಿಂದ ಆಟದಲ್ಲೇನು ವ್ಯತ್ಯಾಸವೆಂದು ಕೇಳಬಹುದು. ಟಫ್ಟ್ಸ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ರೋಜರ್ ಟೋಬಿನ್ 2008ರಲ್ಲಿ ಇದನ್ನು ಲೆಕ್ಕಹಾಕಿದರು. ಸ್ನಾಯುರಾಶಿ ನೂರಕ್ಕೆ 10 ಹೆಚ್ಚಿದರೆ ದಾಂಡಿನ ವೇಗ ಸುಮಾರು 5, ಹೊಡೆದ ಚೆಂಡಿನ ವೇಗ ಸುಮಾರು 4ರಷ್ಟು ಹೆಚ್ಚುತ್ತದೆ. ಆದರೆ ‘ಹೋಮ್ ರನ್’, ಎಂದರೆ ನಮ್ಮ ಸಿಕ್ಸರಿನಂತೆ ಬೇಲಿ ದಾಟುವ ಹೊಡೆತ, ನೂರಕ್ಕೆ 50ರಷ್ಟೂ ಏರಬಹುದು! ಕಾರಣ ಸರಳವಾಗಿದೆ. ಹೊಡೆತಗಳಲ್ಲಿ ಬಹುಪಾಲು ಬೇಲಿಯ ಈಚೆಗೇ ಬೀಳುತ್ತವೆ. ಬೇಲಿಯಿಂದ ನಾಲ್ಕೈದು ಮೀಟರ್ ಈಚೆ ಬೀಳುವ ಚೆಂಡುಗಳು ಮಾತ್ರ ಸಾಕಷ್ಟಿರುತ್ತವೆ. ವೇಗ ತುಸುವೇ ಏರಿದರೂ ಅವೆಲ್ಲ ಒಮ್ಮೆಗೇ ದಾಟಿಬಿಡುತ್ತವೆ. ಶಕ್ತಿಯಲ್ಲಿ ಅಲ್ಪವಾದುದು ಅಂಕಿಯಲ್ಲಿ ಮಹತ್ತಾಗುವುದು ಹೀಗೆ. ಒಂದೇ ಋತುವಿನಲ್ಲಿ 61 ಹೋಮ್ ರನ್ ಎಂಬ 1961ರ ದಾಖಲೆಯನ್ನು 1998ರಲ್ಲಿ 70ಕ್ಕೆ ಏರಿಸಿದ ಮಾರ್ಕ್ ಮೆಗ್ವಾಯರ್, ಆ ವರ್ಷವೂ ಸ್ಟೀರಾಯ್ಡ್ ಬಳಸಿದ್ದೆನೆಂದು 2010ರಲ್ಲಿ ಒಪ್ಪಿಕೊಂಡರು.

ಈ ಲಾಭಕ್ಕೆ ತೆರುವ ಬೆಲೆಯನ್ನು ಯಾವ ಅಂಕಪಟ್ಟಿಯೂ ತೋರಿಸುವುದಿಲ್ಲ. ಹೊರಗಿನ ಚೋದಕ ಹೇರಳವಾಗಿ ಬಂದಾಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ತನ್ನ ಆಜ್ಞೆಯನ್ನು ನಿಲ್ಲಿಸುತ್ತದೆ; ವೃಷಣಗಳು ಕುಗ್ಗಿ, ವೀರ್ಯಾಣುಗಳ ಉತ್ಪತ್ತಿ ಇಳಿಯುತ್ತದೆ. ರಕ್ತದಲ್ಲಿ ಹಿತಕರವಾದ ಎಚ್.ಡಿ.ಎಲ್. ಕೊಲೆಸ್ಟರಾಲ್ ತಗ್ಗುತ್ತದೆ. ಹದಿಹರೆಯದವರಲ್ಲಿ ಎಲುಬುಗಳ ಬೆಳೆಯುವ ತುದಿಗಳು ಅಕಾಲದಲ್ಲಿ ಮುಚ್ಚಿಹೋಗಿ ಎತ್ತರ ಅಲ್ಲಿಗೇ ನಿಲ್ಲಬಹುದು. ಆಮೇಲೆ ಮದ್ದನ್ನು ಬಿಟ್ಟರೂ ಅದು ಮರಳಿ ಬಾರದು.

ಹಾಗಾದರೆ ಪತ್ತೆಮಾಡುವುದೆಂತು? ಟೆಸ್ಟೊಸ್ಟೆರೋನ್ ಎಲ್ಲರ ದೇಹದಲ್ಲಿಯೂ ಇರುವಂಥದು. ಅದು ಇದೆ ಎಂದಮಾತ್ರಕ್ಕೆ ಅಪರಾಧವಾಗದು. ಅದರ ಜೊತೆಗೆ ಎಪಿಟೆಸ್ಟೊಸ್ಟೆರೋನ್ ಎಂಬ ಸೋದರ ದ್ರವ್ಯವೂ ಮೂತ್ರದಲ್ಲಿರುತ್ತದೆ. ಬಹುಮಂದಿಯಲ್ಲಿ ಎರಡೂ ಹೆಚ್ಚುಕಡಮೆ ಸಮಾನ. ಮದ್ದು ಮೊದಲನೆಯದನ್ನು ಮಾತ್ರ ಹೆಚ್ಚಿಸುವುದರಿಂದ, ಪ್ರಮಾಣ ನಾಲ್ಕಕ್ಕೆ ಒಂದನ್ನು ಮೀರಿದರೆ ಸಂಶಯ ಹುಟ್ಟುತ್ತದೆ.

ಸಂಶಯವನ್ನು ನಿಶ್ಚಯ ಮಾಡುವುದು ಇಂಗಾಲ. ಇಂಗಾಲದ ಪರಮಾಣುಗಳಲ್ಲಿ ನೂರಕ್ಕೆ ಒಂದರಷ್ಟು ತುಸು ಭಾರವಾದ ‘ಇಂಗಾಲ-13’. ಅಕ್ಕಿ, ಗೋಧಿ, ಸೋಯಾ ಗಿಡಗಳು ಇದನ್ನು ಕಡಮೆಯಾಗಿಯೂ, ರಾಗಿ, ಜೋಳ, ಕಬ್ಬು ಮುಂತಾದುವು ಅವಕ್ಕಿಂತ ಹೆಚ್ಚಾಗಿಯೂ ಹೀರುತ್ತವೆ. ಮಿಶ್ರ ಆಹಾರ ಉಣ್ಣುವ ಮನುಷ್ಯನ ಸ್ವಂತ ಚೋದಕದಲ್ಲಿ ಇದರ ಪ್ರಮಾಣ ನಡುವಿನದಾಗಿರುತ್ತದೆ. ಕಾರ್ಖಾನೆಯ ಟೆಸ್ಟೊಸ್ಟೆರೋನನ್ನು ಸಾಮಾನ್ಯವಾಗಿ ಸೋಯಾದಂಥ ಸಸ್ಯಮೂಲದಿಂದಲೇ ತಯಾರಿಸುವುದರಿಂದ ಅದರಲ್ಲಿ ಇಂಗಾಲ-13 ಕಡಮೆ. ಅದೇ ಮೂತ್ರದಲ್ಲಿರುವ ಬೇರೆ ಸ್ಟೀರಾಯ್ಡುಗಳೊಡನೆ ಹೋಲಿಸಿದಾಗ ಪರಕೀಯ ಚೋದಕ ಸಿಕ್ಕಿಬೀಳುತ್ತದೆ. ಅಣುರಚನೆಯಲ್ಲಿ ಎರಡೂ ಒಂದೇ ಆದರೂ ಹುಟ್ಟಿದ ಹೊಲ ಬೇರೆ!

ಕಬ್ರೆರರ ಪ್ರಸಂಗ ಬಹಿಷ್ಕಾರದಲ್ಲಿಯೇ ಮುಗಿಯಲಿಲ್ಲ. ಸರಾಸರಿಯ ಪ್ರಶಸ್ತಿಗೆ ದಾಂಡಿಗ 502 ಬಾರಿ ದಾಂಡು ಹಿಡಿದು ನಿಂತಿರಬೇಕು. (ಮೇಲೆ ಹೇಳಿದ 459ರಲ್ಲಿ ಉಚಿತವಾಗಿ ನೆಲೆ ಪಡೆದ ಸಂದರ್ಭಗಳು ಸೇರಿಲ್ಲ.) ಅವರದು 501. ಕೊರತೆಯಿದ್ದರೆ ಅಷ್ಟು ವಿಫಲ ಸರದಿಗಳನ್ನು ಕೂಡಿಸಿ ಲೆಕ್ಕಹಾಕಬಹುದೆಂಬ ನಿಯಮವಿತ್ತು. ಒಂದನ್ನು ಕೂಡಿಸಿದರೂ ಸರಾಸರಿ 0.346ರಲ್ಲಿಯೇ ನಿಲ್ಲುತ್ತಿತ್ತು. ಸೆಪ್ಟೆಂಬರಿನಲ್ಲಿ ತಮ್ಮನ್ನು ಪ್ರಶಸ್ತಿಗೆ ಪರಿಗಣಿಸಬಾರದೆಂದು ಅವರೇ ಕೋರಿದರು. ಪ್ರಶಸ್ತಿ 0.336 ಗಳಿಸಿದ ಬಸ್ಟರ್ ಪೋಸಿ ಎಂಬ ಅದೇ ತಂಡದವರಿಗೆ ಸಂದಿತು. ಆದರೆ 159 ಹೊಡೆತಗಳನ್ನು ದಾಖಲೆಯಿಂದ ಅಳಿಸಲಿಲ್ಲ. ಕಾಗದದ ತಂಡಗಳು ಆ ದಾಖಲೆಯನ್ನೇ ನಂಬಿದವಾದುದರಿಂದ, ಕಬ್ರೆರರನ್ನು ಹೊಂದಿದ್ದವರಿಗೆ ಅಲ್ಲಿಯವರೆಗಿನ ಅಂಕಗಳು ಉಳಿದವು. ಮೈದಾನದಲ್ಲಿ ಜೈಂಟ್ಸ್ ತಂಡ ಇನ್ನುಳಿದ 45 ಪಂದ್ಯಗಳನ್ನು ಅವರಿಲ್ಲದೆ ಆಡಿತು.